ಅತ್ತಿಗೆಯ ಮಗಳೂ ನಾನೂ ಒಂದೇ ಕ್ಲಾಸು

ಕೆಮಿಸ್ಟ್ರಿ ಲ್ಯಾಬಿನ ಮೊದಲ ದಿನ ಅವಳು ನನ್ನ ಹತ್ತಿರ ಬಂದು, ಪಕ್ಕದವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದಳು: "ಮಾಮಿ, ಇಲ್ಲಿ ನನ್ನ ಹತ್ತಿರ ತುಳು ಮಾತಾಡ್ಬೇಡಿ. ನಾವು ರಿಲೇಟಿವ್ಸ್ ಅಂತ ಯಾರಿಗೂ ಗೊತ್ತಾಗೋದು ಬೇಡ."

ಅವಳು ನನ್ನ ಗಂಡನ ಅಕ್ಕನ ಮಗಳು. ನಾನು ಮದುವೆಯಾಗಿ ಕತಾರಿನ ದೋಹಾಕ್ಕೆ ಬಂದಾಗ ಎರಡು ಜಡೆ ಹಾಕಿಕೊಂಡು ಶಾಲೆಯ ಬಸ್ಸು ಹತ್ತುತ್ತಿದ್ದ ಹುಡುಗಿ. ಅವಳ ಅಮ್ಮ ಊರಿಗೆ ಹೋದಾಗಲೆಲ್ಲ ನಮ್ಮ ಮನೆಯಲ್ಲಿ ಇರುತ್ತಿದ್ದಳು. ನಾನು ತಲೆ ಬಾಚಿ ಕಳಿಸುತ್ತಿದ್ದೆ. ಈಗ ಬಿಳಿ ಕೋಟು ಹಾಕಿ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಏರಿಸಿ, ನನ್ನನ್ನು ಕಂಡೇ ಇಲ್ಲ ಅನ್ನುವ ಹಾಗೆ ಮುಂದಿನ ಬೆಂಚಿಗೆ ಹೋಗಿ ಕೂತಳು.

ನನಗೆ ಬೇಸರವಾಯಿತು ಅಂದರೆ ಸುಳ್ಳಾಗುತ್ತದೆ. ಸಿಟ್ಟು ಬಂತು.

ನಾನು ಆ ಕಾಲೇಜಿಗೆ ಸೇರಿದ್ದು ಸುಮ್ಮನೆ ಹೊತ್ತು ಕಳೆಯಲಿಕ್ಕಲ್ಲ. ಅಲ್ ಮುಂತಜಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ರಿಸೆಪ್ಶನಿಸ್ಟ್ ಆಗಿದ್ದೆ. ಫೋನ್ ಎತ್ತುವುದು, ಕಾಯುವವರನ್ನು ಸಮಾಧಾನ ಮಾಡುವುದು, ರಕ್ತದ ಸ್ಯಾಂಪಲ್ಲುಗಳನ್ನು ಡಬ್ಬಿಗೆ ಹಾಕಿ ಲ್ಯಾಬಿನವನ ಕೈಗೆ ಕೊಡುವುದು. ಆ ಡಬ್ಬಿ ಹೋದ ಜಾಗದಲ್ಲಿ ಏನು ನಡೆಯುತ್ತದೆ ಅನ್ನುವ ಕುತೂಹಲ ನನಗೆ ಯಾವತ್ತೂ ಇತ್ತು. ಊರಿನಲ್ಲಿ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡಿದ್ದೆ. ಬಿಎಸ್ಸಿಗೆ ಸೇರಿದ ವರ್ಷವೇ ಸಂಬಂಧ ಕೂಡಿ ಬಂತು, ಓದು ನಿಂತಿತು. ಇಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಸೈನ್ಸ್ ಡಿಗ್ರಿ ಇದೆ, ಅದನ್ನು ಮುಗಿಸಿದವರನ್ನು ಲ್ಯಾಬುಗಳಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಕ್ಲಿನಿಕ್ಕಿನ ನರ್ಸ್ ಒಬ್ಬಳು ಹೇಳಿದಳು. ಇಂಗ್ಲಿಷ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ, ಎರಡನೇ ಸಲ ಪಾಸಾದೆ. ಹೆಂಗಸರ ಕ್ಯಾಂಪಸ್ಸಿನ ಸಂಜೆಯ ಸೆಕ್ಷನ್ನಿಗೆ ಸೇರಿದೆ. ಹಗಲು ಕ್ಲಿನಿಕ್ಕು, ಸಂಜೆ ಕ್ಲಾಸು.

ಈ ಸುದ್ದಿಯನ್ನು ಗಂಡ ಒಂದು ಶುಕ್ರವಾರ ಅಲ್ ಥುಮಾಮಾದ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದರು. ನಾವಿದ್ದದ್ದು ಅಲ್ ಮನ್ಸೂರಾದ ಒಂದು ಹೋಟೆಲಿನ ಮೇಲಿನ ಫ್ಲಾಟಿನಲ್ಲಿ; ಬೆಳಿಗ್ಗೆ ಎದ್ದರೆ ಸಾಂಬಾರಿನ ಒಗ್ಗರಣೆ, ಸಂಜೆ ಬಂದರೆ ಎಣ್ಣೆಯ ವಾಸನೆ. ಅತ್ತಿಗೆಯದ್ದು ಕಾಂಪೌಂಡಿನೊಳಗಿನ ವಿಲ್ಲಾ. ನನ್ನ ಗಂಡನಿಗೆ ವೀಸಾ ಮಾಡಿಸಿ, ಕಂಪನಿಯಲ್ಲಿ ಕೆಲಸ ಕೊಡಿಸಿದ್ದು ಅತ್ತಿಗೆಯ ಗಂಡ. ಅದನ್ನು ಅತ್ತಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ತಮ್ಮನ ಮನೆಯಲ್ಲಿ ಯಾವ ಬಣ್ಣದ ಪರದೆ ಹಾಕಬೇಕು ಅನ್ನುವುದರಿಂದ ಹಿಡಿದು ಎಲ್ಲವನ್ನೂ ಅವರೇ ಹೇಳುತ್ತಿದ್ದರು.

ಅವತ್ತು ಸೌಟು ಹಿಡಿದ ಕೈ ನಿಲ್ಲಿಸಿ ಅತ್ತಿಗೆ ನನ್ನನ್ನು ನೋಡಿದರು. "ಯಾವ ಕಾಲೇಜು?"

ನಾನು ಹೇಳಿದೆ.

"ನಿನಗೆಂತ ಹುಚ್ಚಾ? ಮಕ್ಕಳಿಗೋಸ್ಕರ ಡಾಕ್ಟರ ಹತ್ತಿರ ಹೋಗಬೇಕಾದ ವಯಸ್ಸಿನಲ್ಲಿ ಕಾಲೇಜಿಗೆ ಹೋಗ್ತೀಯಂತೆ. ಹದಿನೆಂಟರ ಹುಡುಗಿಯರ ಮಧ್ಯೆ ಬ್ಯಾಗು ಹಾಕಿಕೊಂಡು ಕೂತರೆ ನೋಡಿದವರು ನಗುವುದಿಲ್ವಾ?"

"ನಕ್ಕರೆ ನಗಲಿ ಅತ್ತಿಗೆ," ಅಂದೆ.

ಮಕ್ಕಳ ಮಾತನ್ನು ಅವರು ಹಿಂದೆಯೂ ಆಡಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದು ಅವರಿಗೆ ಬೇಕಾದಾಗಲೆಲ್ಲ ಕೈಗೆ ಸಿಗುವ ಕಲ್ಲಾಗಿತ್ತು. ಆದರೆ ಅವತ್ತು ಅವರ ಮುಖದಲ್ಲಿ ಕಂಡದ್ದು ಬರೀ ತಾತ್ಸಾರ ಅಲ್ಲ, ಗಾಬರಿ. ಅದು ಯಾಕೆಂದು ನನಗೆ ತಿಳಿದದ್ದು ಲ್ಯಾಬಿನಲ್ಲಿ ಅವರ ಮಗಳನ್ನು ಕಂಡಾಗ.

ಮಗಳು ಇಲ್ಲಿಯ ದೊಡ್ಡ ಯೂನಿವರ್ಸಿಟಿಯಲ್ಲಿ ಮೆಡಿಸಿನ್ ಓದುತ್ತಿದ್ದಾಳೆ ಎಂದು ಅತ್ತಿಗೆ ಎಲ್ಲರಿಗೂ ಹೇಳಿದ್ದರು. ಊರಿಗೆ ಫೋನ್ ಮಾಡಿ ಹೇಳಿದ್ದರು. ನಮಗೂ ಹಾಗೇ ಹೇಳಿದ್ದರು, ನನ್ನ ಗಂಡ ಅಭಿಮಾನದಿಂದ ಕಂಪನಿಯಲ್ಲೆಲ್ಲ ಲಡ್ಡು ಹಂಚಿದ್ದರು. ನಿಜ ಏನೆಂದರೆ ಹುಡುಗಿಗೆ ಸೀಟು ಸಿಕ್ಕಿರಲಿಲ್ಲ. ಸಿಗಬಹುದು ಎಂದು ಕಾದು ಕಾದು ತಡವಾಗಿ, ಕಡೆಗೆ ಕಮ್ಯುನಿಟಿ ಕಾಲೇಜಿನಲ್ಲಿ ಉಳಿದಿದ್ದ ಸಂಜೆಯ ಸೆಕ್ಷನ್ನಿಗೆ ಬಂದು ಸೇರಿದ್ದಳು. ಕ್ಯಾಂಪಸ್ಸಿನಲ್ಲಿ ನಮ್ಮ ಊರಿನವರು ಬೇರೆ ಯಾರೂ ಇರಲಿಲ್ಲ. ನಾನೊಬ್ಬಳು ಬಾರದೆ ಇದ್ದಿದ್ದರೆ ಗುಟ್ಟು ಹಾಗೇ ಉಳಿಯುತ್ತಿತ್ತು.

ಗಂಡನಿಗೆ ಹೇಳಿದೆ. ಅವರು, "ಅಕ್ಕನಿಗೆ ಏನೋ ಕಾರಣ ಇರಬೇಕು. ನೀನು ಬಾಯಿ ಬಿಡಬೇಡ," ಅಂದರು. ಅಕ್ಕ ತನಗೂ ಸುಳ್ಳು ಹೇಳಿದಳಲ್ಲ ಅನ್ನುವ ಯೋಚನೆ ಅವರಿಗೆ ಬಂದ ಹಾಗೆ ಕಾಣಲಿಲ್ಲ.

ಲ್ಯಾಬಿನ ಮೇಡಂ ಸುಡಾನಿನವರು. ಎತ್ತರದ ಹೆಂಗಸು, ದೊಡ್ಡ ದನಿ. ಎಲ್ಲರೂ ಅವರನ್ನು ಡಾಕ್ಟರ್ ಎಂದೇ ಕರೆಯಬೇಕಿತ್ತು. ಎರಡನೇ ವಾರ ನಮ್ಮನ್ನು ಜೋಡಿ ಜೋಡಿಯಾಗಿ ಕೂರಿಸಿದರು. ಕತಾರಿ ಹುಡುಗಿಯರು ತಮ್ಮ ತಮ್ಮಲ್ಲೇ ಜೋಡಿಯಾದರು. ಈಜಿಪ್ಟಿನವರು, ಸಿರಿಯಾದವರು ಹಾಗೇ. ಉಳಿದವರು ಅವಳು ಮತ್ತು ನಾನು. "ಇಂಡಿಯಾ, ಇಂಡಿಯಾ. ಒಟ್ಟಿಗೆ ಕೂರಿ, ಯಲ್ಲಾ, ಬೇಗ," ಅಂದರು ಡಾಕ್ಟರ್.

ಅವಳು ಸ್ಟೂಲನ್ನು ನನ್ನಿಂದ ದೂರಕ್ಕೆ ಎಳೆದುಕೊಂಡು ಕೂತಳು. ಆ ಸದ್ದಿಗೆ ನಾಲ್ಕಾರು ಜನ ತಿರುಗಿ ನೋಡಿದರು.

ಅಲ್ಲಿಂದ ನಮ್ಮ ಜಗಳ ಶುರು. ದನಿ ಎತ್ತಿ ಆಡುವ ಜಗಳ ಅಲ್ಲ. ಗಾಜಿನ ಸಾಮಾನನ್ನೆಲ್ಲ ಅವಳೇ ಮುಟ್ಟುವುದು, ತೊಳೆಯುವಾಗ ಮಾತ್ರ ನನ್ನ ಕಡೆ ತಳ್ಳುವುದು. ನಾನೇನಾದರೂ ಕೇಳಿದರೆ ಉತ್ತರವನ್ನು ಇನ್ನೊಂದು ಬೆಂಚಿನವಳಿಗೆ ಹೇಳುವುದು. ನಾನು ಇಂಗ್ಲಿಷಿನಲ್ಲಿ ತಪ್ಪಾಗಿ ಉಚ್ಚರಿಸಿದ ಶಬ್ದವನ್ನು ಅವಳು ಮತ್ತೆ ಸರಿಯಾಗಿ, ನಿಧಾನವಾಗಿ, ಎಲ್ಲರೆದುರು ಉಚ್ಚರಿಸುವುದು. ಪಕ್ಕದ ಸಿರಿಯನ್ ಹುಡುಗಿ ಒಮ್ಮೆ "ಇವರು ನಿನಗೆ ಗೊತ್ತಾ?" ಎಂದು ಕೇಳಿದಳು. "ಇಲ್ಲ. ಯಾವುದೋ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಅಂತೆ," ಅಂದಳು ಇವಳು. ನಾನು ಅಲ್ಲೇ, ನಲ್ಲಿಯ ಹತ್ತಿರ, ಅವಳು ಕೊಳೆ ಮಾಡಿದ ಫ್ಲಾಸ್ಕನ್ನು ಬ್ರಶ್ ಹಾಕಿ ಉಜ್ಜುತ್ತಿದ್ದೆ.

ಫ್ಲಾಸ್ಕನ್ನು ತಂದು ಅವಳ ಮುಂದೆ ಇಟ್ಟೆ. ತುಳುವಿನಲ್ಲಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಇನ್ನು ಮುಂದೆ ನೀನು ಮುಟ್ಟಿದ್ದನ್ನು ನೀನೇ ತೊಳಿ. ನಿನ್ನ ಎಂಜಲು ತೊಳೆದು ನನಗೆ ಸಾಕಾಗಿದೆ."

ಸಿರಿಯನ್ ಹುಡುಗಿಗೆ ಭಾಷೆ ಅರ್ಥವಾಗಲಿಲ್ಲ, ಆದರೆ ಇಬ್ಬರ ಮುಖ ನೋಡಿ ಸಂಗತಿ ಅರ್ಥವಾಯಿತು. ಇವಳ ಕಿವಿ ಕೆಂಪಾಯಿತು. ನಾನು ಕೈಚಾಚಿ ಬ್ಯೂರೆಟ್ಟನ್ನು, ಅಂದರೆ ಹನಿ ಹನಿಯಾಗಿ ದ್ರಾವಣ ಬಿಡುವ ಆ ಗೆರೆ ಹಾಕಿದ ಉದ್ದ ಕೊಳವೆಯನ್ನು, ನನ್ನ ಕಡೆಗೆ ಎಳೆದುಕೊಂಡೆ. ಅವಳು ಸ್ಟ್ಯಾಂಡ್ ಬಿಡಲಿಲ್ಲ. ನಾನೂ ಬಿಡಲಿಲ್ಲ. ಒಳಗಿದ್ದ ಕಾಸ್ಟಿಕ್ ಸೋಡಾ ದ್ರಾವಣ ಬೆಂಚಿನ ಮೇಲೆ ಚೆಲ್ಲಿತು. ಡಾಕ್ಟರ್ ಬಂದರು. ಇಬ್ಬರನ್ನೂ ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ಅವಳು ಒಂದು ಗೋಡೆಗೆ, ನಾನು ಇನ್ನೊಂದು ಗೋಡೆಗೆ ಒರಗಿ, ಕ್ಲಾಸು ಮುಗಿಯುವವರೆಗೆ ನಿಂತೆವು. ಅವಳು ಫೋನ್ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

ಮರುದಿನ ಅತ್ತಿಗೆಯ ಫೋನ್ ಬಂತು. ನನಗಲ್ಲ, ಗಂಡನಿಗೆ. ಅವರು ಬಾಲ್ಕನಿಗೆ ಹೋಗಿ ಮಾತಾಡಿ ಒಳಗೆ ಬಂದರು.

"ಬೇರೆ ಸೆಕ್ಷನ್ನಿಗೆ ಹೋಗಲಿಕ್ಕೆ ಆಗುವುದಿಲ್ವಾ ನಿನಗೆ?"

"ಸಂಜೆ ಇರುವುದು ಅದೊಂದೇ. ಬೆಳಿಗ್ಗೆ ಕ್ಲಿನಿಕ್ಕಿದೆ."

"ಹಾಗಾದರೆ ಈ ಸೆಮಿಸ್ಟರ್ ಬಿಡು. ಅವಳು ಬೇರೆ ಕಡೆಗೆ ಟ್ರಾನ್ಸ್‌ಫರ್ ಆದ ಮೇಲೆ ಸೇರು."

"ಅವಳು ಬಿಡಲಿ."

"ಅವಳು ಮಗು."

"ನಾನು ಓದಲಿಕ್ಕೆ ಹೊರಟಾಗ ನಾನೂ ಮಗುವೇ ಆಗಿದ್ದೆ. ಆವಾಗ ನನ್ನನ್ನು ಬಿಡಿಸಿ ಇಲ್ಲಿಗೆ ಕರಕೊಂಡು ಬಂದದ್ದು ಯಾರು?"

ಅವರು ಊಟ ಮಾಡದೆ ಮಲಗಿದರು. ಆಮೇಲೆ ಬಹಳ ದಿನ ನಮ್ಮ ಮಾತು ಉಪ್ಪು, ನೀರು, ಬೀಗದ ಕೈಯಷ್ಟಕ್ಕೇ ನಿಂತಿತು. ಮೆಟ್ರೋ ಇಳಿದು ಮನೆಗೆ ನಡೆದು ಬರುವಾಗ ಮೇಲೆ ನಮ್ಮ ಕಿಟಕಿಯಲ್ಲಿ ದೀಪ ಕಂಡರೆ ನನಗೆ ಒಳಗೆ ಹೋಗಲಿಕ್ಕೇ ಮನಸ್ಸಾಗುತ್ತಿರಲಿಲ್ಲ. ಕೆಳಗಿನ ಹೋಟೆಲಿನಲ್ಲಿ ಕೂತು, ಚಹಾ ತರಿಸಿಕೊಂಡು, ಆವತ್ತಿನ ಪಾಠ ಓದಿ ಮುಗಿಸಿಯೇ ಮೇಲೆ ಹೋಗುತ್ತಿದ್ದೆ. ಹಾಗೆ ನೋಡಿದರೆ ಕೆಮಿಸ್ಟ್ರಿಯನ್ನು ನಾನು ಚೆನ್ನಾಗಿ ಕಲಿತದ್ದು ಗಂಡನ ಮೇಲಿನ ಸಿಟ್ಟಿನಲ್ಲಿ.

ಚಳಿ ಬಂದ ಮೇಲೆ ನಮ್ಮ ಕಡೆಯವರೆಲ್ಲ ಸೇರಿ ಪಾರ್ಕಿನಲ್ಲಿ ಊಟ ಇಟ್ಟುಕೊಂಡರು. ಪ್ರತಿ ವರ್ಷ ಇರುತ್ತದೆ. ಹುಲ್ಲಿನ ಮೇಲೆ ಚಾಪೆ, ದೊಡ್ಡ ಪಾತ್ರೆಗಳಲ್ಲಿ ಕೋಳಿ ಸಾರು, ಊರಿನಿಂದ ತರಿಸಿದ ರೊಟ್ಟಿ, ಗಂಡಸರ ಹಗ್ಗಜಗ್ಗಾಟ. ಅತ್ತಿಗೆ ಹೊಸ ಸೀರೆ ಉಟ್ಟು ಬಡಿಸುವ ಕಡೆ ನಿಂತಿದ್ದರು. ನಾನು ತಟ್ಟೆ ಹಿಡಿದು ಸಾಲಿನಲ್ಲಿದ್ದೆ. ನನ್ನ ಹಿಂದೆ ನಿಂತಿದ್ದ ಒಬ್ಬ ಹಿರಿಯ ಹೆಂಗಸು, ಇಲ್ಲಿಯ ತುಳುವರ ಸಂಘದಲ್ಲಿ ಎಲ್ಲರಿಗೂ ಬೇಕಾದವರು, ಕೇಳಿದರು: "ನೀನು ಕಾಲೇಜಿಗೆ ಹೋಗ್ತೀಯಂತಲ್ಲ ಮಾರಾಯ್ತಿ. ಯಾವ ಕಾಲೇಜು?"

ನಾನು ಉತ್ತರ ಕೊಡುವ ಮೊದಲೇ ಅತ್ತಿಗೆ ಬಾಯಿ ಹಾಕಿದರು. "ಅದೆಂತ ಕಾಲೇಜು ಅಕ್ಕಾ. ಎಲ್ಲೂ ಸೀಟು ಸಿಗದವರು ಹೋಗುವ ಜಾಗ. ಮನೆಯಲ್ಲಿ ಮಕ್ಕಳು ಮರಿ ಇಲ್ಲವಲ್ಲ, ಹೊತ್ತು ಹೋಗಬೇಕಲ್ಲ ಅವಳಿಗೆ."

ಸಾಲಿನಲ್ಲಿದ್ದ ಹೆಂಗಸರಲ್ಲಿ ಒಂದಿಬ್ಬರು ತಲೆ ತಗ್ಗಿಸಿದರು. ಒಬ್ಬಳು ನಕ್ಕಳು.

ನಾನು ಹೇಳಿದೆ: "ಹೌದು ಅಕ್ಕಾ. ಅತ್ತಿಗೆಯ ಮಗಳೂ ಅಲ್ಲೇ ಓದುವುದು. ನನ್ನ ಪಕ್ಕದಲ್ಲೇ ಕೂರುತ್ತಾಳೆ."

ಈ ಮಾತು ಆಡಬಾರದಿತ್ತು ಎಂದು ಗಂಡ ಇವತ್ತಿಗೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಸುಳ್ಳು ಹೇಳಲಿಲ್ಲ, ದನಿ ಎತ್ತಲಿಲ್ಲ, ಬೈಯಲಿಲ್ಲ. ನನ್ನ ಬಗ್ಗೆ ಅಷ್ಟು ಜನರೆದುರು ಹೇಳಿದ್ದಕ್ಕೆ ಉತ್ತರ ಕೊಟ್ಟೆ. ಅತ್ತಿಗೆ ಸೌಟನ್ನು ಪಾತ್ರೆಗೆ ಹಾಕಿ ಅಲ್ಲಿಂದ ಹೊರಟುಹೋದರು. ನಾನು ನನ್ನ ತಟ್ಟೆಗೆ ನಾನೇ ಬಡಿಸಿಕೊಂಡು, ಚಾಪೆಯ ಮೇಲೆ ಒಬ್ಬಳೇ ಕೂತು ಉಂಡೆ. ಅವತ್ತಿನ ಸಾರು ಚೆನ್ನಾಗಿತ್ತು.

ಮುಂದಿನ ಲ್ಯಾಬಿಗೆ ಹುಡುಗಿ ಬಂದಾಗ ಕಣ್ಣು ಊದಿಕೊಂಡಿತ್ತು. ಪ್ರಯೋಗ ಒಟ್ಟಿಗೇ ಮಾಡಿದೆವು, ಅಳತೆ ನಾನು ಓದಿದೆ, ಅವಳು ಟೈಪ್ ಮಾಡಿದಳು. ಆ ವರದಿಯನ್ನು ಜೋಡಿಯ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಕಳಿಸಬೇಕಿತ್ತು. ಅವಳು ತನ್ನ ಹೆಸರೊಂದನ್ನೇ ಹಾಕಿ ಕಳಿಸಿದಳು. ನನಗೆ ಸೊನ್ನೆ ಬಂತು.

ನಾನು ನೇರವಾಗಿ ಡಾಕ್ಟರ್ ಕೋಣೆಗೆ ಹೋದೆ. ನನ್ನ ಇಂಗ್ಲಿಷಿನಲ್ಲಿ ಆದಷ್ಟು ಹೇಳಿದೆ. ಅವರು ಅವಳನ್ನೂ ಕರೆಸಿದರು. "ಈ ಕೆಲಸದಲ್ಲಿ ಇವರದ್ದು ಏನೂ ಇಲ್ಲವಾ?" ಎಂದು ಕೇಳಿದರು.

ಅವಳು ನೆಲ ನೋಡುತ್ತಾ, "ಇವರಿಗೆ ಏನೂ ಬರುವುದಿಲ್ಲ. ಎಲ್ಲ ನಾನೇ ಮಾಡುವುದು," ಅಂದಳು.

"ಸುಳ್ಳು," ಅಂದೆ. ಆಮೇಲೆ ಇಂಗ್ಲಿಷ್ ಸಾಲದೆ ತುಳುವಿನಲ್ಲಿ, "ಅಮ್ಮನ ಹಾಗೆಯೇ ಕಲಿತಿದ್ದಿ," ಅಂದೆ. ಅವಳೂ ತುಳುವಿನಲ್ಲೇ ತಿರುಗಿ ಏನೋ ಅಂದಳು. ಡಾಕ್ಟರ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು.

"ನೀವಿಬ್ಬರೂ ಒಂದೇ ಮನೆಯವರಾ?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಮನೆ ಜಗಳ ನನ್ನ ಲ್ಯಾಬಿನಲ್ಲಿ ಬೇಡ. ಈ ವರದಿಗೆ ಇಬ್ಬರಿಗೂ ಸೊನ್ನೆ. ಇನ್ನು ಮುಂದೆ ಇಬ್ಬರೂ ಬೇರೆ ಬೇರೆ ಬೆಂಚು, ಒಬ್ಬೊಬ್ಬರೇ ಪ್ರಯೋಗ. ಯಾರಿಗೆ ಏನು ಬರುತ್ತದೆ ಅನ್ನುವುದನ್ನು ಕೊನೆಯ ಪರೀಕ್ಷೆಯಲ್ಲಿ ನಾನೇ ನಿಂತು ನೋಡುತ್ತೇನೆ. ಖಲಾಸ್." ನನ್ನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು: "ನೀವು ದೊಡ್ಡವರು. ನಿಮ್ಮಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ."

ತಪ್ಪು ಮಾಡಿದವಳು ಅವಳು, ಮಾತು ಕೇಳಿಸಿಕೊಂಡವಳು ನಾನು. ಆ ಡಾಕ್ಟರ ಮೇಲೂ ಸಿಟ್ಟು ಬಂತು. ಸಾರಿ ಅನ್ನದೆ ಎದ್ದು ಬಂದೆ.

ಪರೀಕ್ಷೆಯ ದಿನ ನನಗೆ ಬಂದದ್ದು ಟೈಟ್ರೇಷನ್. ಆ್ಯಸಿಡ್ ಇರುವ ಫ್ಲಾಸ್ಕಿಗೆ ಮೇಲಿನಿಂದ ಸೋಡಾ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು, ಗುಲಾಬಿ ಬಣ್ಣ ತೆಳ್ಳಗೆ ಮೂಡಿದ ತಕ್ಷಣ ನಿಲ್ಲಿಸಬೇಕು. ಡಾಕ್ಟರ್ ಕೈಕಟ್ಟಿ ನನ್ನೆದುರೇ ನಿಂತರು. ಅವರ ಮುಖ ನೋಡಲಿಕ್ಕೆ ಹೋಗಿ ಬ್ಯೂರೆಟ್ಟಿನ ನಲ್ಲಿ ಜಾಸ್ತಿ ತಿರುಗಿಸಿಬಿಟ್ಟೆ, ಫ್ಲಾಸ್ಕಿನಲ್ಲಿದ್ದದ್ದು ಬೀಟ್‌ರೂಟ್ ನೀರಿನ ಹಾಗೆ ಗಾಢವಾಯಿತು. ಅವರು ಮುಂದಿನ ಬೆಂಚಿಗೆ ಹೋದರು. ಚೆಲ್ಲಿದೆ, ತೊಳೆದೆ, ಮತ್ತೆ ತುಂಬಿದೆ. ಅವರು ಎದುರು ಇಲ್ಲದಿದ್ದದ್ದೇ ಒಳ್ಳೆಯದಾಯಿತು. ಎರಡನೇ ಸಲ ಬಣ್ಣ ಸರಿಯಾದ ಹದಕ್ಕೆ ಬಂತು, ಮೂರನೇ ಸಲವೂ ಬಂತು. ಆ ಕಡೆಯ ಬೆಂಚಿನಲ್ಲಿ ಅವಳು ತನ್ನ ಕೆಲಸವನ್ನು ಎಲ್ಲರಿಗಿಂತ ಮೊದಲು ಮುಗಿಸಿ, ತಾನು ಬಳಸಿದ ಸಾಮಾನನ್ನೆಲ್ಲ ತಾನೇ ತೊಳೆದಿಟ್ಟು ಹೊರಗೆ ಹೋದಳು. ಕೆಲಸ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ನಾನು ಕೆಳಗೆ ಬಂದಾಗ ಪಾರ್ಕಿಂಗಿನಲ್ಲಿ ಅತ್ತಿಗೆಯ ಕಾರು ನಿಂತಿತ್ತು. ಮಗಳನ್ನು ಕರಕೊಂಡು ಹೋಗಲಿಕ್ಕೆ ದಿನಾ ಅವರೇ ಬರುತ್ತಿದ್ದರು, ಆದರೆ ಕಾರಿನಿಂದ ಇಳಿಯುತ್ತಿರಲಿಲ್ಲ. ಅವತ್ತು ಇಳಿದರು. ನೇರ ನನ್ನೆದುರು ಬಂದು ನಿಂತರು. ಪಾರ್ಕಿನ ಊಟದ ನಂತರ ನಾವು ಮುಖಾಮುಖಿಯಾದದ್ದು ಅದೇ ಮೊದಲು.

"ನನ್ನ ಮಗಳ ಹೆಸರು ಹಾಳು ಮಾಡಿ ನಿನಗೆ ಸಿಕ್ಕಿದ್ದೇನು?" ಅಂದರು. "ಊರಿನಿಂದ ಫೋನ್ ಮೇಲೆ ಫೋನ್. ಅವಳಿಗೆ ಬಂದಿದ್ದ ಸಂಬಂಧದವರು ಈಗ ಮಾತೇ ಆಡುವುದಿಲ್ಲ. ನಿನ್ನ ಹೊಟ್ಟೆಕಿಚ್ಚಿಗೆ ನನ್ನ ಮಗಳು ಬೇಕಾಗಿತ್ತಾ?"

"ಸುಳ್ಳು ಹೇಳಿದ್ದು ನೀವು."

"ನನ್ನ ಮಗಳ ಬಗ್ಗೆ ನಾನು ಏನು ಬೇಕಾದರೂ ಹೇಳುತ್ತೇನೆ. ನಿನಗೆ ಮಕ್ಕಳಿದ್ದರೆ ಗೊತ್ತಾಗುತ್ತಿತ್ತು."

"ಅಮ್ಮ, ಸಾಕು."

ಹುಡುಗಿ ಕಾರಿನ ಆ ಬದಿಯಿಂದ ಬಂದಳು. ಅಷ್ಟರಲ್ಲಿ ಕ್ಲಾಸಿನವರೆಲ್ಲ ಮೆಟ್ಟಿಲು ಇಳಿಯುತ್ತಿದ್ದರು. ಸಿರಿಯನ್ ಹುಡುಗಿಯೂ ಇದ್ದಳು. ಅವರೆಲ್ಲರೆದುರು ಇವಳು ತುಳುವಿನಲ್ಲಿ, ಅಳುತ್ತಾ ಅಲ್ಲ, ಗಟ್ಟಿಯಾಗಿ ಮಾತಾಡಿದಳು.

"ಯಾರು ಹೆಸರು ಹಾಳು ಮಾಡಿದ್ದು? ನಾನು ಓದುವ ಜಾಗದ ಹೆಸರು ಹೇಳಲಿಕ್ಕೆ ನಿಮಗೆ ನಾಚಿಕೆ. ನಾನು ಪರೀಕ್ಷೆ ಬರೆದು ಬಂದರೆ ಹೇಗಾಯಿತು ಅಂತ ಒಂದು ದಿನ ಕೇಳಿದ್ದೀರಾ? ಎಲ್ಲಿ ಯಾರು ನೋಡಿದರು ಅಂತ ಕೇಳ್ತೀರಿ. ಮಾಮಿಗೆ ಮಕ್ಕಳಿಲ್ಲ ಅನ್ನುವುದನ್ನು ಇನ್ನೊಂದು ಸಲ ಹೇಳಿದರೆ ನಾನು ಮನೆಗೆ ಬರುವುದಿಲ್ಲ."

ನಾನು ಅವಳ ಹೆಗಲ ಮೇಲೆ ಕೈ ಇಡಲಿಕ್ಕೆ ಹೋದೆ. ಅವಳು ಹಿಂದೆ ಸರಿದಳು.

"ಬೇಡ ಮಾಮಿ. ನಿಮಗೆ ಅಮ್ಮನ ಮೇಲೆ ಸಿಟ್ಟಿತ್ತು. ಅಮ್ಮನಿಗೆ ಹೊಡೀಲಿಕ್ಕೆ ನೀವು ನನ್ನನ್ನು ತಗೊಂಡ್ರಿ. ಅವತ್ತು ಪಾರ್ಕಿನಲ್ಲಿ ನಾನು ಸ್ವಲ್ಪ ದೂರದಲ್ಲೇ ಕೂತಿದ್ದೆ, ಗೊತ್ತುಂಟಾ ನಿಮಗೆ?"

ನನಗೆ ಗೊತ್ತಿರಲಿಲ್ಲ.

ಅವಳು ಕಾರು ಹತ್ತಲಿಲ್ಲ. ಸಿರಿಯನ್ ಹುಡುಗಿಯ ಜತೆ ಮೆಟ್ರೋ ಕಡೆಗೆ ನಡೆದುಹೋದಳು. ಅತ್ತಿಗೆ ಸ್ವಲ್ಪ ಹೊತ್ತು ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಆಮೇಲೆ ನನ್ನ ಕಡೆ ನೋಡದೆ ಹೊರಟರು. ಅದೇ ಮೆಟ್ರೋ ನನಗೂ ಬೇಕಿತ್ತು. ಅವರಿಬ್ಬರೂ ಕಣ್ಣಿಗೆ ಮರೆಯಾಗುವವರೆಗೆ ಅಲ್ಲೇ ನಿಂತಿದ್ದು ಮುಂದಿನ ಗಾಡಿಗೆ ಹೋದೆ.

ಆ ಕೋರ್ಸಿನಲ್ಲಿ ಇಬ್ಬರೂ ಪಾಸಾದೆವು, ಅವಳಿಗೆ ನನಗಿಂತ ಒಳ್ಳೆಯ ಗ್ರೇಡ್. ಮುಂದಿನ ಸೆಮಿಸ್ಟರಿನಿಂದ ಅವಳು ಬೆಳಗಿನ ಸೆಕ್ಷನ್ನಿಗೆ ಹೋದಳು. ಎರಡು ವರ್ಷ ಅಲ್ಲೇ ಓದಿ ಮುಗಿಸಿ, ಈಗ ಫಾರ್ಮಸಿ ಓದುತ್ತಿದ್ದಾಳೆ. ಯಾರು ಕೇಳಿದರೂ ಕಮ್ಯುನಿಟಿ ಕಾಲೇಜಿನಿಂದ ಬಂದವಳು ಎಂದು ಅವಳೇ ಮೊದಲು ಹೇಳುತ್ತಾಳಂತೆ. ಗಂಡನ ಬಾಯಿಂದ ಕೇಳಿದ್ದು. ಅವರು ಈಗಲೂ ಶುಕ್ರವಾರ ಅಲ್ ಥುಮಾಮಾಕ್ಕೆ ಊಟಕ್ಕೆ ಹೋಗುತ್ತಾರೆ, ಒಬ್ಬರೇ. ನನ್ನನ್ನು ಯಾರೂ ಕರೆಯುವುದಿಲ್ಲ, ಕರೆದರೂ ನಾನು ಹೋಗುವುದಿಲ್ಲ. ಕಾಲೇಜಿನ ದಿನಗಳಲ್ಲಿ ನಾನು ಸಂಜೆ ಕ್ಲಾಸಿಗೆ ಹೋಗುವಾಗ, ಲೈಬ್ರರಿ ಮುಗಿಸಿ ಹೊರಡುತ್ತಿದ್ದ ಅವಳು ಮೆಟ್ಟಿಲ ಮೇಲೆ ಎದುರಾದರೆ ಗುರುತಿಗೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಕಾಣದ ಹಾಗೆ ಮಾಡುವುದನ್ನು ಬಿಟ್ಟಿದ್ದಳು, ನಿಂತು ಮಾತಾಡುವುದನ್ನು ಶುರು ಮಾಡಲಿಲ್ಲ.

ನನಗೆ ಆಹಾರ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೀನು, ಹಾಲು, ಡಬ್ಬಿಯ ಹಣ್ಣಿನ ರಸ ಬರುತ್ತವೆ. ಅವುಗಳಲ್ಲಿ ಏನಿದೆ, ಏನಿರಬಾರದು ಎಂದು ನೋಡಿ ಹೇಳಬೇಕು. ಅಲ್ಲಿಯ ಹಿರಿಯ ಟೆಕ್ನಿಶಿಯನ್ ಕೇರಳದವಳು. ಎರಡು ವರ್ಷದ ಡಿಗ್ರಿಯವರನ್ನು ಯಾಕೆ ತೆಗೆದುಕೊಳ್ಳುತ್ತಾರೋ ಎಂದು ನಾನಿರುವಾಗಲೇ ಮಲಯಾಳದಲ್ಲಿ ಇನ್ನೊಬ್ಬಳಿಗೆ ಹೇಳಿದಳು. ಮಲಯಾಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೈಗವಸು ಹಾಕಿಕೊಂಡು, ಅವಳ ಪಕ್ಕದ ಜಾಗದಲ್ಲೇ ನನ್ನ ಸ್ಯಾಂಪಲ್ಲುಗಳನ್ನು ಇಟ್ಟು ಕೆಲಸ ಶುರು ಮಾಡಿದೆ.